ಭಾವನ ಕಾಲಿನ ಕೆಂಪು

ಕಲೆಕ್ಟರ್ ಕಚೇರಿಗೆ ದಾರಿ ಕೇಳಿದರೆ ಎರಡು ನಿಮಿಷ ಯೋಚಿಸುವ ಮನುಷ್ಯ, ನಿಮ್ಮ ಮೈಮೇಲಿನ ಕೆಂಪು ಗುಳ್ಳೆಯನ್ನು ಮಾತ್ರ ರಸ್ತೆಯ ಆಚೆಯಿಂದಲೇ ನೋಡಿ, ಯಾವ ಹುಳ ಕಚ್ಚಿದ್ದು, ಎಷ್ಟು ದಿನಕ್ಕೆ ಇಳಿಯುತ್ತದೆ ಎಂದು ಹೇಳಿಬಿಡುತ್ತಾನೆ. ನಾನೂ ಅಂಥವನೇ ಆಗಿದ್ದೆ. ಈಗ ಯಾರಾದರೂ ತೋಳು ಚಾಚಿ "ಇದೇನು ನೋಡಿ" ಎಂದರೆ ನನಗೆ ಗಲಿಬಿಲಿಯಾಗುತ್ತದೆ. ಇದು ಒಂದೇ ಒಂದು ಕಾಲಿನಿಂದ ಆದದ್ದು, ಅದೂ ನನ್ನದಲ್ಲದ ಕಾಲಿನಿಂದ.

ನಾನು ಹರೂರಿನಲ್ಲಿದ್ದುಕೊಂಡು ಮದರಾಸಿನ ಪತ್ರಿಕೆಯೊಂದಕ್ಕೆ ಜಿಲ್ಲೆಯ ಸುದ್ದಿ ಬರೆಯುವವನು. ಜಿಲ್ಲಾ ಬೋರ್ಡಿನ ಸಭೆ ನಡೆದಾಗಲೆಲ್ಲ ಸೇಲಂಗೆ ಬಂದು, ನೇಕಾರರ ಬೀದಿಯಲ್ಲಿರುವ ಅಕ್ಕನ ಮನೆಯಲ್ಲಿ ನಾಲ್ಕು ದಿನ ಉಳಿಯುತ್ತೇನೆ. ಅಕ್ಕನ ಗಂಡ ಚೌಡಪ್ಪ ಭಾವ ಮಗ್ಗದವರು. ಅವರ ಮಗ್ಗ ನೆಲದ ಗುಂಡಿಯ ಮೇಲಿದೆ. ನೇಯುವವರು ಗುಂಡಿಯೊಳಗೆ ಕಾಲು ಇಳಿಬಿಟ್ಟು, ಎರಡು ಪಾದದಿಂದಲೂ ಹಲಗೆ ತುಳಿಯುತ್ತಾ ಕೂರಬೇಕು. ಗುಂಡಿಯ ತಂಪಿನಲ್ಲಿ ಸೊಳ್ಳೆಗಳದೇ ಆಡಳಿತ. ಆ ಸಲ ನಾನು ಹೋದಾಗ ಭಾವ ಅಂಚಿಗೆ ಬೇಕಾದ ನೂಲಿಗೆ ಕೆಂಪು ಬಣ್ಣ ಹಾಕಿ ಮುಗಿಸಿದ್ದರು. ಲಡಿಗಳನ್ನು ಹಿಂಡುವಾಗ ಸುರಿದ ನೀರಿಗೆ ಅವರ ಎರಡು ಕಾಲೂ ಮೊಣಕಾಲಿನವರೆಗೆ ಕೆಂಪಾಗಿದ್ದವು.

ಮರುದಿನ ಬೆಳಿಗ್ಗೆ ಎದ್ದಾಗ ನನ್ನ ಪಾದದ ಗಂಟಿನ ಸುತ್ತ ಹನ್ನೊಂದು ಗುಳ್ಳೆಗಳಿದ್ದವು. ಎಣಿಸಿದ್ದೇನೆ; ಎಣಿಸದೆ "ಹಲವು" ಎಂದು ಬರೆದರೆ ನಮ್ಮ ಸಂಪಾದಕರು ಕಾಗದ ವಾಪಸು ಕಳಿಸುತ್ತಾರೆ. ಭಾವನ ಎಡಗಾಲಿನ ಮುಂಭಾಗದಲ್ಲಿ ಇದ್ದದ್ದು ಒಂದೇ. ನನ್ನವು ವಿಪರೀತ ಕೆರೆಯುತ್ತಿದ್ದವು. ನಾನು ಕೂತಲ್ಲಿ ಕೆರೆದೆ, ನಿಂತಲ್ಲಿ ಕೆರೆದೆ, ಬೋರ್ಡಿನ ಸಭೆಯಲ್ಲಿ ಮೇಜಿನ ಕೆಳಗೆ ಒಂದು ಪಾದದಿಂದ ಇನ್ನೊಂದನ್ನು ಕೆರೆದೆ. ಅಕ್ಕ ಸುಣ್ಣ ಹಚ್ಚಿದಳು. ಪಕ್ಕದ ಮನೆಯಿಂದ ಬೇವಿನೆಣ್ಣೆ ಬಂತು. ಎದುರು ಮನೆಯವರು ಹುಣಸೆಹುಳಿ ತಂದು ಕೊಟ್ಟರು. ಹೀಗೆ ಬೀದಿಯ ಔಷಧವೆಲ್ಲ ನನ್ನ ಎರಡು ಪಾದಕ್ಕೆ ಸಂದಿತು. ಭಾವ ಸುಮ್ಮನೆ ಮಗ್ಗಕ್ಕಿಳಿದರು.

ಎರಡನೆಯ ದಿನ ಅವರು ಗುಂಡಿಯಿಂದ ಮೇಲೇಳುವಾಗ ಕಂಬ ಹಿಡಿದುಕೊಂಡದ್ದನ್ನು ಕಂಡೆ. ಕಾಲು ನೋಡಿದೆ. ಗುಳ್ಳೆಯ ಸುತ್ತ ಕೆಂಪಿತ್ತು; ಆದರೆ ಅವರ ಕಾಲೇ ಕೆಂಪು. ಕೊಂಚ ಊತವಿತ್ತು; ನನ್ನದೂ ಊದಿತ್ತು. ಮುಟ್ಟಿದರೆ ಬಿಸಿ, ಕೆರೆದು ಕೆರೆದು ನನ್ನದೂ ಬಿಸಿಯಾಗಿತ್ತು. ಕೆರೆತವಿದೆಯೇ ಎಂದು ಕೇಳಿದರೆ ಇಲ್ಲ ಎಂದರು. ಅದನ್ನು ನಾನು ಒಳ್ಳೆಯ ಲಕ್ಷಣವೆಂದು ಮನಸ್ಸಿನಲ್ಲಿ ಬರೆದುಕೊಂಡೆ. ಸೊಳ್ಳೆ ಕಚ್ಚಿದೆ, ಉಳಿದದ್ದು ಬಣ್ಣ ಎಂದು ತೀರ್ಮಾನ ಹೇಳಿ ಸಭೆಗೆ ಹೊರಟೆ.

ಆದರೂ ನಮ್ಮ ಕಸುಬಿನಲ್ಲಿ ಒಂದು ಶಿಸ್ತಿದೆ: ಒಬ್ಬನ ಮಾತು ಸುದ್ದಿಯಲ್ಲ, ಇನ್ನಿಬ್ಬರಾದರೂ ಹೇಳಬೇಕು. ಸಂಜೆ ಬಂದವನೇ ಪಕ್ಕದ ಮನೆಯ ಹಿರಿಯ ನೇಕಾರ ಮುನಿಯಪ್ಪನವರನ್ನು ಕೇಳಿದೆ. ಅವರು ಅರ್ಧ ತಮಿಳಿನಲ್ಲಿ, "ಪೂಚಿ ಕಡಿ ಅಷ್ಟೇ, ವೇರೆ ಒಣ್ಣುಮಿಲ್ಲೆ" ಎಂದರು. ಹುಳದ ಕಡಿತ, ಬೇರೇನಿಲ್ಲ, ಮಿಕ್ಕಿದ್ದು ಬಣ್ಣ. ಎದುರು ಮನೆಯವರೂ ಅದನ್ನೇ ಹೇಳಿದರು. ಮೂರು ಕಡೆಯಿಂದ ಖಚಿತವಾಯಿತೆಂದು ನಿಶ್ಚಿಂತೆಯಿಂದ ಊಟ ಮಾಡಿದೆ. ಅವರಿಬ್ಬರಿಗೂ ಆ ವಿಷಯ ಗೊತ್ತಾದದ್ದು ಹೇಗೆಂದು ವಿಚಾರಿಸಿದ್ದು ಬಹಳ ತಡವಾಗಿ. "ಪೇಪರಿನವರೇ ಏಳಿದ್ರಂತೆ" ಎಂದು ಬೆಳಿಗ್ಗೆಯೇ ಬೀದಿಯಲ್ಲಿ ಸುದ್ದಿಯಾಗಿತ್ತಂತೆ. ಎರಡು ಬಾಯಿಯಿಂದ ನಾನು ಕೇಳಿದ್ದು ನನ್ನದೇ ಮಾತನ್ನು.

ಅಕ್ಕ ಮಾತ್ರ ಯಾರನ್ನೂ ಕೇಳಲಿಲ್ಲ. ಚಿಕ್ಕಂದಿನಿಂದ ನೂಲು ತೊಳೆದವಳು ಅವಳು. ಮೂರನೆಯ ದಿನ ಸಂಜೆ ಗಂಡನ ಎರಡು ಕಾಲನ್ನೂ ಸೀಗೆಪುಡಿ ಹಾಕಿ ಉಜ್ಜಿದಳು. ಬಲಗಾಲು ಗುಲಾಬಿಯಾಯಿತು, ಎಡಗಾಲು ಹಾಗೆಯೇ ಇತ್ತು. ನೇಕಾರರು ಎಲ್ಲಿಯವರೆಗೆ ನೇಯ್ದಾಯಿತು ಎಂದು ತಿಳಿಯಲು ಸಂಜೆ ಬಟ್ಟೆಯ ಅಂಚಿಗೆ ಮಸಿಯಿಂದ ಒಂದು ಗುರುತು ಹಾಕುತ್ತಾರೆ. ಅವಳು ಅದೇ ಮಸಿ ತಂದು ಕಾಲಿನ ಮೇಲೆ, ಕೆಂಪು ಮುಗಿಯುವ ಕಡೆ, ಒಂದು ಗೆರೆ ಎಳೆದಳು. ಬೆಳಿಗ್ಗೆ ನೋಡಿದರೆ ಕೆಂಪು ಗೆರೆಯನ್ನು ದಾಟಿ ಎರಡು ಬೆರಳು ಮೇಲೆ ಹೋಗಿತ್ತು.

"ಬಣ್ಣ ಆದ್ರೆ ಇಳೀಬೇಕು ಕಣ್ಲಾ," ಎಂದಳು ನನಗೆ. "ಇದು ಏರ್ತಾ ಐತೆ."

ಭಾವನಿಗೆ ಚಳಿ ಜ್ವರ ಹಿಡಿದಿತ್ತು. ಆದರೂ ಅವರು ಆಸ್ಪತ್ರೆ ಎಂದರೆ ಒಪ್ಪಲಿಲ್ಲ. ಅದೇ ಬೀದಿಯ ಒಬ್ಬರು ಹುಣ್ಣಿಗೆಂದು ಹೋಗಿ ಮೊಣಕಾಲಿನ ಕೆಳಗಿನದನ್ನು ಬಿಟ್ಟು ಬಂದಿದ್ದರು. ಈಗ ಬಾಗಿಲಲ್ಲಿ ಕೂತು ಬೇರೆಯವರ ಮಗ್ಗಕ್ಕೆ ನೂಲು ಸುತ್ತಿಕೊಡುತ್ತಾರೆ.

"ಆಸ್ಪತ್ರೆಗೆ ಓದ್ರೆ ಕುಯ್ತಾರೆ," ಎಂದರು ಭಾವ. "ಒಂದ್ ಕಾಲಲ್ಲಿ ಮಗ್ಗ ತುಳಿಯಾಕೆ ಆಯ್ತದಾ?"

"ಓಗ್ದೆ ಇದ್ರೆ ಕಾಲೂ ಇರಲ್ಲ, ತುಳಿಯೋರೂ ಇರಲ್ಲ," ಎಂದು ಅಕ್ಕ ಜಟಕಾ ಕರೆಸಿದಳು.

ಡಾಕ್ಟರು ಕಾಲನ್ನು ಒತ್ತಿದರು, ತೊಡೆಯ ಸಂದಿನಲ್ಲಿ ಗಂಟು ಕಟ್ಟಿದೆಯೇ ನೋಡಿದರು, ಮಸಿಯ ಗೆರೆಯನ್ನು ಯಾರು ಎಳೆದದ್ದೆಂದು ಕೇಳಿದರು. ಆಮೇಲೆ ಗುಳ್ಳೆಯಿದ್ದ ಜಾಗವನ್ನು ಸೀಳಿ ಕೀವು ತೆಗೆದು, ಬಿಸಿನೀರಿನ ಶಾಖ ಕೊಡಿಸಿದರು. ಇನ್ನೆರಡು ದಿನ ತಡವಾಗಿದ್ದರೆ ಕಾಲಿಗೆ ತಾನು ಹೊಣೆಯಾಗುತ್ತಿರಲಿಲ್ಲ ಎಂದು ತಮಿಳಿನಲ್ಲಿ ನನಗೆ ಹೇಳಿದರು. ಈಗಲೂ ಖಚಿತವಾಗಿ ಹೇಳಲಾರರಂತೆ, ನೋಡಬೇಕಂತೆ. ಇಂಥ ಹೊತ್ತಿನಲ್ಲಿ ನಾನು ನನ್ನ ಪಾದವನ್ನೂ ಅವರ ಮುಂದೆ ಚಾಚಿದೆನೆಂಬುದನ್ನು ಬರೆಯಲು ನಾಚಿಕೆಯಾಗುತ್ತದೆ. ಅವರು ಅದರತ್ತ ನೋಡಲೂ ಇಲ್ಲ. ಕೆರೆಯುವುದು ತಾನಾಗಿ ಹೋಗುತ್ತದೆ, ನೋಯುತ್ತಾ ಬಿಸಿಯಾಗಿ ಹರಡುವುದನ್ನು ತನ್ನಿ ಎಂದರು.

ಹಾಗಾದರೆ ಭಾವನದು ಕಡಿತವೋ ಸೋಂಕೋ, ಒಂದನ್ನು ಹೇಳಿ ಎಂದೆ, ದಾಖಲೆಗಾಗಿ. ಮೊದಲು ಕಡಿತ, ಆಮೇಲೆ ಸೋಂಕು. ಕೆರೆದ ಉಗುರಿನಿಂದಲೋ ಗುಂಡಿಯ ಮಣ್ಣಿನಿಂದಲೋ ಒಳಗೆ ಹೋಗಿದೆ ಎಂದರು. ನನಗೆ ಗಲಿಬಿಲಿ ಇನ್ನೂ ಹೆಚ್ಚಾಯಿತು. ನಾನು ಹೇಳಿದ್ದು ಮೊದಲ ದಿನದ ಮಟ್ಟಿಗೆ ನಿಜವೇ ಆಗಿತ್ತಲ್ಲ! ಆ ನಿಜ ಮೂರನೆಯ ದಿನಕ್ಕೆ ಸುಳ್ಳಾಗಿತ್ತು, ನಾನು ಮಾತ್ರ ಅದನ್ನೇ ಹಿಡಿದುಕೊಂಡು ಕೂತಿದ್ದೆ. ಪತ್ರಿಕೆಯಲ್ಲಿ ಹಳೆಯ ಸುದ್ದಿಯನ್ನು ಯಾರೂ ಕೊಳ್ಳುವುದಿಲ್ಲ; ಚರ್ಮದ ವಿಷಯದಲ್ಲಿ ಮಾತ್ರ ಮೊನ್ನೆಯದನ್ನೇ ಇಂದಿನದೆಂದು ನಂಬಿಬಿಡುತ್ತೇವೆ.

ಕೆಂಪು ಐದನೆಯ ದಿನ ನಿಂತಿತು, ಆಮೇಲೆ ಇಳಿಯಿತು. ಕಾಲು ಉಳಿಯಿತು. ಮುಂದಿನ ತಿಂಗಳು ನಾನು ಹೋದಾಗ ಭಾವ ಮಗ್ಗದ ಗುಂಡಿಯಲ್ಲಿ ಕೂತಿದ್ದರು; ಎಡಗಾಲಿನ ತುಳಿತ ಸ್ವಲ್ಪ ನಿಧಾನ, ಅಷ್ಟೆ. ಅಷ್ಟು ನೋವಿದ್ದರೂ ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಅವರು ಲಾಳಿಯನ್ನು ನಿಲ್ಲಿಸಿ ಸಂಕೋಚದಿಂದ ನಕ್ಕರು.

"ನೀನು ಅಂಗೆ ಕೆರ್ಕೊಂತಿದ್ದೆ. ನಿಂಗೇ ಜಾಸ್ತಿ ಆಗೈತೆ ಅಂದ್ಕಂಡೆ. ಮನೆಗ್ ಬಂದ ನೆಂಟನ್ ಮುಂದೆ ನಂದೇನ್ ಏಳೋದು?"

ಅಂದಿನಿಂದ ಯಾವ ಮನೆಗೆ ಹೋದರೂ ಕೆರೆದುಕೊಳ್ಳುತ್ತಿರುವವರನ್ನು ಆಮೇಲೆ ವಿಚಾರಿಸುತ್ತೇನೆ. ಸುಮ್ಮನೆ ಕೂತವರನ್ನು ಮೊದಲು.