ಏಳು ಪೌಂಡ್ ಗಾಳಿ

ಕಾಮಯಗೌಂಡನ್‌ಪಟ್ಟಿ ತಿರುವಿನಲ್ಲಿ ಕಾಳಿಮುತ್ತುವಿನ ಪಂಕ್ಚರ್ ಅಂಗಡಿ ಇದೆ. ಕಾಳಿಮುತ್ತು ಇಲ್ಲ. ಸಂಕ್ರಾಂತಿಯ ತೈ ತಿಂಗಳಲ್ಲಿ ಕಾಮಾಲೆ ಬಂತು, ಹದಿನೆಂಟು ದಿನ ಮಲಗಿದ, ಹೋದ. ಈಗ ಅಂಗಡಿ ನಡೆಸುವುದು ಅವನ ಹೆಂಡತಿ ತಿಲಗವತಿ.

ನಡೆಸುವುದು ಅಂದರೂ ದೊಡ್ಡ ಮಾತೇ. ದ್ರಾಕ್ಷಿ ಹೇರಿಕೊಂಡು ಕುಮುಳಿ ಘಾಟಿ ಹತ್ತುವ ವ್ಯಾನುಗಳು ಬೆಳಿಗ್ಗೆ ಅವಳ ಅಂಗಡಿ ದಾಟಿ ಮುಂದಿನ ಬಂಕಿನಲ್ಲಿ ಗಾಳಿ ಹಿಡಿಸುತ್ತವೆ. ಗಾಡಿ ಹೊರಡುವ ಹೊತ್ತಿಗೆ ತಾಳಿ ತೆಗೆದವಳ ಮುಖ ನೋಡಬಾರದಂತೆ. ವಾಪಸು ಬರುವಾಗ, ಹೊರೆ ಇಳಿದ ಮೇಲೆ, ಅದೇ ಡ್ರೈವರುಗಳು ಅವಳ ಹತ್ತಿರವೇ ನಿಲ್ಲಿಸುತ್ತಾರೆ. ಹೋಗುವಾಗ ಇದ್ದ ದೋಷ ಬರುವಾಗ ಎಲ್ಲಿಗೆ ಹೋಗುತ್ತದೋ ಅವಳಿಗೆ ತಿಳಿಯದು. ಕೇಳಲು ಹೋಗಲಿಲ್ಲ. ಬಂದ ಚಕ್ರ ನೋಡಿದಳು.

ಕಾಳಿಮುತ್ತುವಿನ ಅಣ್ಣ ಅಯ್ಯಾವುವಿಗೆ ಇದು ಹಿಡಿಸಿರಲಿಲ್ಲ. ತಿಥಿ ಮುಗಿದ ದಿನವೇ ಹೇಳಿದ್ದ: "ಅಂಗಡಿ ಮುಚ್ಚು ತಿಲಗವತಿ. ತೋಟಕ್ಕೆ ಬಾ, ಗೊನೆ ಕತ್ತರಿಸು. ಗಾಳಿ ಕೆಲಸ ಹೆಂಗಸರ್ದಲ್ಲ."

"ಹನ್ನೆರಡು ವರ್ಷ ನಾನೂ ಹಾಕಿವ್ನಿ ಬಾವ."

"ಅವನು ಪಕ್ಕದಲ್ಲಿದ್ದ. ಈಗ ಯಾರವ್ರೆ? ಒಂದೇ ಒಂದು ಗಾಡಿಗೆ ನಿನ್ನ ಕೈಯಿಂದ ಏನಾದ್ರೂ ಆಯ್ತು ಅಂದ್ರೆ, ಅವತ್ತೇ ಬಂದು ಕಂಪ್ರೆಸರ್ ಎತ್ತಿಕೊಂಡು ಹೋಯ್ತೀನಿ."

ಅವಳು ಸರಿ ಅಂದಿದ್ದಳು. ಆರು ತಿಂಗಳಿಂದ ಒಂದು ಗಾಡಿಗೂ ಏನೂ ಆಗಿರಲಿಲ್ಲ. ಆದರೂ ಪ್ರತಿ ಚಕ್ರ ಅಂಗಡಿ ಬಿಟ್ಟು ಉರುಳಿದಾಗಲೂ ಅವಳು ಕೈಯಲ್ಲಿದ್ದ ಕೆಲಸ ಬಿಡುತ್ತಿದ್ದಳು. ತಿರುವು ದಾಟುವವರೆಗೆ ನೋಡುತ್ತ ನಿಲ್ಲುತ್ತಿದ್ದಳು.

ಆಷಾಢದ ಆಡಿ ತಿಂಗಳು ಬಂತು. ಆಡಿ ಗಾಳಿಗೆ ಅರೆಯುವ ಅಮ್ಮಿಕಲ್ಲೂ ಹಾರುತ್ತದೆ ಅನ್ನುವ ಕಣಿವೆ ಇದು. ಆ ಗಾಳಿಯಲ್ಲೇ ಒಂದು ಭಾನುವಾರ ಅಯ್ಯಾವುವಿನ ಮಗಳು ನಿವೇತಾ, ಆಳುದ್ದದ ಚೀಲ ಬೆನ್ನಿಗೆ ಹಾಕಿಕೊಂಡು ಅಂಗಡಿ ಮುಂದೆ ಇಳಿದಳು. ಇಪ್ಪತ್ತಾರು ವರ್ಷ. ರಾಮೇಶ್ವರದ ಕಡೆ ಕಡಲಂಚಿನಲ್ಲಿ ಕೆಲಸ. ಏನು ಕೆಲಸ ಅಂತ ಊರಲ್ಲಿ ಯಾರಿಗೂ ಸರಿಯಾಗಿ ಗೊತ್ತಿಲ್ಲ. ಮನೆಯ ಕನ್ನಡ ಅವಳಿಗೆ ಅರ್ಥವಾಗುತ್ತದೆ, ನಾಲಿಗೆಗೆ ಮಾತ್ರ ಅರ್ಧ ತಮಿಳೇ ಬರುತ್ತದೆ.

"ಚಿತ್ತಿ, ಎನ್ ಪಂಪು ಪೋಚ್ಚು," ಅಂದಳು ಚಿಕ್ಕಮ್ಮನಿಗೆ, ಪಂಪು ಕೆಟ್ಟಿತು ಅಂತ. "ಬಸ್ಸಲ್ಲಿ ಯಾರೋ ಮೂಟೆ ಹಾಕ್ಬುಟ್ರು. ಪೈಪು ಒಡೆದೋಯ್ತು. ನೀನು ಗಾಳಿ ಹಾಕಬೇಕು."

"ಏನಕ್ಕೆ?"

"ಪಟಕ್ಕೆ."

"ಪಟಕ್ಕೆ ಯಾರಾದ್ರೂ ಗಾಳಿ ಹಾಕ್ತಾರಾ? ನೂಲು ಕಟ್ಟಿ ಬುಡು."

ನಿವೇತಾ ಚೀಲ ಬಿಚ್ಚಿ ತೋರಿಸಿದಳು. ಬಾಳೆ ಎಲೆಯಷ್ಟು ತೆಳು ಬಟ್ಟೆ. ಬಿಡಿಸಿದರೆ ಅಂಗಡಿಗಿಂತ ದೊಡ್ಡದು. ಮುಂದಿನ ಅಂಚಿಗೆ ಬಿಲ್ಲಿನಂತೆ ಬಾಗಿದ ಒಂದು ದಪ್ಪ ಟ್ಯೂಬು, ಅದಕ್ಕೆ ಅಂಟಿಕೊಂಡು ಮೂರು ಸಣ್ಣ ಟ್ಯೂಬು. ಅವುಗಳಲ್ಲಿ ಗಾಳಿ ತುಂಬಿದರೆ ಪಟಕ್ಕೆ ಎಲುಬು ಬರುತ್ತದೆ. ಅದನ್ನು ಹಗ್ಗದಲ್ಲಿ ಹಿಡಿದು, ಕಾಲಿಗೆ ಹಲಗೆ ಕಟ್ಟಿಕೊಂಡು ನೀರಿನ ಮೇಲೆ ಓಡುವುದು. ಅದನ್ನು ಬೇರೆಯವರಿಗೆ ಕಲಿಸುವುದೇ ಅವಳ ಸಂಬಳದ ಕೆಲಸ.

"ಅಪ್ಪನಿಗೆ ಒಂದು ಸಲ ತೋರಿಸ್ಬೇಕು ಚಿತ್ತಿ. ಫೋನಲ್ಲಿ ತೋರಿಸಿದ್ರೆ ನಂಬ್ತಿಲ್ಲ. ಕಣ್ಮಾಯಿಯಲ್ಲಿ ನೀರೈತೆ. ಪಂಚಾಯತ್ತಲ್ಲಿ ಕೇಳಿ ಬಂದೆ."

ಕಣ್ಮಾಯಿ ಅಂದರೆ ಊರಾಚೆಯ ದೊಡ್ಡ ಕೆರೆ. ಕಂಪ್ರೆಸರನ್ನು ಅಲ್ಲಿಗೆ ಒಯ್ಯುವಂತಿಲ್ಲ. ಒಯ್ದರೂ ಅದು ಲಾರಿ ಚಕ್ರ ಉಬ್ಬಿಸುವ ಗಾಳಿ, ಬಟ್ಟೆ ಹರಿದು ಹೋದೀತು. ತಿಲಗವತಿ ಮೂಲೆಯಿಂದ ಸೈಕಲ್ ಪಂಪು ತೆಗೆದಳು. ಅದರ ಬಾಯಿ ಸಣ್ಣದು, ಪಟದ ಬಾಯಿ ದೊಡ್ಡದು. ಹಳೆಯ ಟ್ಯೂಬಿನ ರಬ್ಬರ್ ಕೊಯ್ದು ನಾಲ್ಕು ಸುತ್ತು ಬಿಗಿದಳು. ಹೊಂದಿತು. ಟ್ರಾಕ್ಟರ್ ಚಕ್ರಕ್ಕೆ ಇಡುವ ಗೇಜನ್ನೂ ಎತ್ತಿಕೊಂಡಳು, ಕಡಿಮೆ ಗಾಳಿ ಅಳೆಯುವುದಕ್ಕೆ ಅದೇ ಆಗಬೇಕು.

"ಎಷ್ಟು ಹಾಕಲಿ?"

"ಏಳು ಪೌಂಡ್. ಕರೆಕ್ಟಾ ಏಳು."

ಮಧ್ಯಾಹ್ನ ಕಣ್ಮಾಯಿ ಏರಿಯ ಮೇಲೆ ಮನೆಯವರೆಲ್ಲ ಸೇರಿದರು. ಅಯ್ಯಾವು ಬಂದಿದ್ದ. ಅವನ ತಾಯಿ ಗೋವಿಂದಮ್ಮಾಳ್ ಬೇವಿನ ಮರದಡಿ ಕೂತಿದ್ದಳು. ದ್ರಾಕ್ಷಿ ವ್ಯಾನು ಓಡಿಸುವ ಶರವಣನ್, ನಿವೇತಾಳ ಸೋದರತ್ತೆ ಮಗ, ಪಟ ಹಿಡಿಯಲು ಬಂದಿದ್ದ. ನಿವೇತಾ ದೂರದಲ್ಲಿ ಹಗ್ಗದ ಸಿಕ್ಕು ಬಿಡಿಸುತ್ತ ಹೋದಳು. ತಿಲಗವತಿ ಪಂಪು ಒತ್ತಿದಳು. ಸೈಕಲ್ ಪಂಪಿನ ಗಾಳಿ ಗುಬ್ಬಿಯ ಗುಟುಕು. ಇನ್ನೂರು ಒತ್ತಿದರೂ ಟ್ಯೂಬು ಸತ್ತ ಹಾವಿನಂತೆ ಬಿದ್ದಿತ್ತು. ಶರವಣನ್ ಒಂದು ನೂರು ಒತ್ತಿ, ಸೊಂಟ ಹಿಡಿದುಕೊಂಡ.

"ಅತ್ತೇ, ಇದಕ್ಕಿಂತ ನಮ್ಮಜ್ಜಿ ಬಾಯಿಂದ ಊದ್ಸಿದ್ರೆ ಬೇಗ ತುಂಬ್ತದೆ."

"ಬಾಯಿ ಮುಚ್ಕೊಂಡು ಒತ್ತು."

ಆರುನೂರರ ಹತ್ತಿರ ಪಟ ಎದ್ದು ಕೂತಿತು. ಅವಳು ಗೇಜು ಇಟ್ಟಳು. ಐದು.

ಅಲ್ಲಿಗೆ ಕೈ ನಿಲ್ಲಿಸಿದಳು.

ಯಾಕೆಂದರೆ ಕಣಿವೆಯಲ್ಲಿ ಒಂದು ಪದ್ಧತಿ ಉಂಟು. ಉರಿಬಿಸಿಲಲ್ಲಿ ಘಾಟಿ ಹತ್ತುವ ಚಕ್ರಕ್ಕೆ ಎರಡು ಪೌಂಡ್ ಕಮ್ಮಿ ಹಾಕುವುದು. ರಸ್ತೆ ಕಾಯುತ್ತದೆ, ಟ್ಯೂಬು ಉಬ್ಬುತ್ತದೆ, ಕಮ್ಮಿ ಹಾಕಿದ್ದು ಅಲ್ಲಿಗೆ ಸರಿಹೋಗುತ್ತದೆ ಅಂತ. ಸರಿಯೋ ತಪ್ಪೋ ಯಾರೂ ಪರೀಕ್ಷೆ ಮಾಡಿದವರಿಲ್ಲ. ಕಾಳಿಮುತ್ತು ಹಾಗೇ ಹಾಕುತ್ತಿದ್ದ. ಡ್ರೈವರುಗಳೂ ಹಾಗೇ ಕೇಳುತ್ತಿದ್ದರು. ನೆತ್ತಿಯ ಮೇಲೆ ಬಿಸಿಲು ಸುಡುತ್ತಿತ್ತು, ಟ್ಯೂಬು ಮುಟ್ಟಿದರೆ ಕಾದ ಹೆಂಚು. ಇಷ್ಟು ತೆಳು ಬಟ್ಟೆ, ಏಳು ಹಾಕಿ ಒಡೆದರೆ? ಅಯ್ಯಾವು ಹತ್ತು ಅಡಿ ದೂರದಲ್ಲಿ ನಿಂತಿದ್ದ.

"ಏಳಾಯ್ತಾ ಚಿತ್ತಿ?" ನಿವೇತಾ ಅಲ್ಲಿಂದಲೇ ಕೂಗಿದಳು.

"ಆಯ್ತು," ಅಂದಳು ತಿಲಗವತಿ.

ಶರವಣನ್ ಪಟ ಎತ್ತಿ ಹಿಡಿದ. ನಿವೇತಾ ಹೆಬ್ಬೆರಳು ತೋರಿಸಿದಳು. ಬಿಟ್ಟ. ಪಟ ಗಾಳಿಗೆ ಎದ್ದಿತು. ಹುಡುಗಿ ನೀರಿಗಿಳಿದು, ಹಲಗೆಯ ಮೇಲೆ ನಿಂತು, ಗೆರೆ ಎಳೆದ ಹಾಗೆ ಕೆರೆಯ ನಡುವಿಗೆ ಓಡಿದಳು. ಗೋವಿಂದಮ್ಮಾಳ್ ಎದ್ದು ನಿಂತಳು. "ಅದ್ಯಾರು, ನಮ್ಮ ನಿವೇತಾನಾ?"

ಆಗ ಬೆಟ್ಟದ ಕಡೆಯಿಂದ ಒಂದು ದೊಡ್ಡ ಬೀಸು ಬಂತು. ಪಟದ ಮುಂದಿನ ಟ್ಯೂಬು ನಟ್ಟನಡುವೆ ಮಡಚಿತು. ಉಂಡೆದ್ದ ಮೇಲೆ ಎಲೆ ಮಡಚುತ್ತಾರಲ್ಲ, ಹಾಗೆ. ಪಟ ನೀರಿಗೆ ಬಿತ್ತು. ಹುಡುಗಿಯೂ ಬಿದ್ದಳು.

ತಲೆ ಕಾಣಲಿಲ್ಲ. ಅಯ್ಯಾವು ಪಂಚೆ ಎತ್ತಿ ಕಟ್ಟಿ ನೀರಿಗೆ ಓಡಿದ. ಅವನಿಗೆ ಈಜು ಬಾರದು. ಶರವಣನ್ ಹಿಂದಿನಿಂದ ತಬ್ಬಿ ಹಿಡಿದ. ಅಷ್ಟರಲ್ಲಿ ತಲೆ ಮೇಲೆ ಬಂತು. ಅವಳು ಕೈ ಆಡಿಸಿದಳು. ಪಟವನ್ನು ಎಳೆದುಕೊಂಡು, ಈಜಿ, ಆಮೇಲೆ ನಡೆದು, ಬಹಳ ಹೊತ್ತಿಗೆ ದಡಕ್ಕೆ ಬಂದಳು. ತಿಲಗವತಿ ಪಂಪಿನ ಹಿಡಿ ಹಿಡಿದುಕೊಂಡೇ ನಿಂತಿದ್ದಳು.

ಗೋವಿಂದಮ್ಮಾಳ್ ಸಣ್ಣ ದನಿಯಲ್ಲಿ, ಎಲ್ಲರಿಗೂ ಕೇಳುವ ಹಾಗೆ ಅಂದಳು: "ಗಾಳಿ ತುಂಬಿದ ಕೈ ಯಾರ್ದು ನೋಡಿ."

"ನಾನು ಅವತ್ತೇ ಹೇಳ್ಲಿಲ್ವಾ," ಅಂದ ಅಯ್ಯಾವು. "ನಾಳೆ ಗಾಡಿ ತರ್ತೀನಿ. ಕಂಪ್ರೆಸರ್ ಬಿಚ್ಚಿಡು."

ತಿಲಗವತಿ ಬಗ್ಗಿ ಪಟದ ಟ್ಯೂಬು ಮುಟ್ಟಿದಳು. ಹೋಗುವಾಗ ಹೆಂಚಿನಂತೆ ಕಾದಿದ್ದದ್ದು ಈಗ ನೀರಿನ ಕೊಡದಷ್ಟು ತಣ್ಣಗಿತ್ತು. ಒತ್ತಿದರೆ ಬೆರಳು ಒಳಗೆ ಹೋಗುತ್ತಿತ್ತು. ಗೇಜು ಇಟ್ಟಳು. ಮುಳ್ಳು ನಾಲ್ಕರ ಹತ್ತಿರ ನಿಂತಿತು.

ಎಲ್ಲಿಯೂ ಸೋರಿರಲಿಲ್ಲ. ಟ್ಯೂಬಿನ ಬಾಯಿಗೆ ಉಗುಳು ಹಚ್ಚಿ ನೋಡಿದಳು, ಒಂದು ಗುಳ್ಳೆಯೂ ಏಳಲಿಲ್ಲ. ಬಿಸಿಗೆ ಉಬ್ಬುವುದು ತಣ್ಣಗೆ ಕುಗ್ಗುತ್ತದೆ, ಅಷ್ಟೇ. ವ್ಯಾನು ಬಿಸಿಲಿನಿಂದ ಬೆಂಕಿಯಂಥ ರಸ್ತೆಗೆ ಹೋಗುತ್ತದೆ. ಪಟ ಬಿಸಿಲಿನಿಂದ ನೀರಿಗೆ ಹೋಗುತ್ತದೆ.

ಸುಮ್ಮನಿದ್ದರೆ ಕೈಯ ದೋಷ ಅನ್ನುತ್ತಾರೆ. ಹೇಳಿದರೆ ಕೆಲಸ ಗೊತ್ತಿಲ್ಲದವಳು ಅನ್ನುತ್ತಾರೆ. ಎರಡರಲ್ಲೂ ಅಂಗಡಿ ಹೋಗುತ್ತದೆ. ಎರಡನೆಯದು ನಿಜ.

"ನಾನು ಐದೇ ಹಾಕಿದ್ದು," ಅಂದಳು. "ಏಳಾಯ್ತು ಅಂತ ಸುಳ್ಳು ಹೇಳ್ದೆ."

ನಿವೇತಾ ತಲೆಯ ನೀರು ಹಿಂಡುತ್ತಿದ್ದವಳು ಕೈ ನಿಲ್ಲಿಸಿದಳು. ಅವಳಿಗೆ ನಿಜವಾಗಿಯೂ ಸಿಟ್ಟು ಬಂದಿತ್ತು. "ನಾನು ಕೇಳ್ದೆ ತಾನೆ ಚಿತ್ತಿ? ಕೇಳ್ದೆ ತಾನೆ? ಅಲ್ಲಿ ಮರ ಇದ್ದಿದ್ರೆ? ಕಲ್ಲಿದ್ದಿದ್ರೆ?"

"ತಪ್ಪು."

"ಏನಕ್ಕೆ ಕಮ್ಮಿ ಹಾಕ್ದೆ?"

"ಬಿಸಿಲಿಗೆ ಎರಡು ಕಮ್ಮಿ ಹಾಕೋದು. ನಿಮ್ಮ ಚಿತ್ತಪ್ಪ ಹಾಗೇ ಹಾಕ್ತಿದ್ರು."

ಅಯ್ಯಾವು ಬೇರೆ ಕಡೆ ನೋಡಿದ. ಅವನೂ ಹತ್ತು ವರ್ಷ ವ್ಯಾನು ಓಡಿಸಿದವನು. ತಮ್ಮನ ಅಂಗಡಿ ಮುಂದೆ ನಿಲ್ಲಿಸಿ, ಎರಡು ಕಮ್ಮಿ ಹಾಕೋ ಅಂತ ಅವನೇ ಎಷ್ಟು ಸಲ ಹೇಳಿದ್ದಾನೋ.

ಗೋವಿಂದಮ್ಮಾಳ್ ಹತ್ತಿರ ಬಂದಳು. "ಅಂದ್ರೆ ನನ್ನ ಮಗ ಮಾಡ್ತಿದ್ದದ್ದು ತಪ್ಪು ಅಂತೀಯಾ?"

"ಗಾಡಿ ಮಾತು ಬೇರೆ ಅತ್ತೆ. ನೀರಿಗೆ ತಪ್ಪು. ಅವರು ಯಾವತ್ತೂ ನೀರಿಗೆ ಗಾಳಿ ಹಾಕಿದ್ದಿಲ್ಲ." ತಿಲಗವತಿ ಮುದುಕಿಯ ಮುಖ ನೋಡಿಯೇ ಹೇಳಿದಳು. "ಕೈ ಅಲ್ಲ ಅತ್ತೆ. ಎರಡು ಪೌಂಡ್."

ಮುದುಕಿ ಸೆರಗಿನಿಂದ ಮೂಗು ಒರೆಸಿಕೊಂಡು, "ಕಾಳಿಮುತ್ತುಗೂ ನೀರು ಅಂದ್ರೆ ಭಯ ಇತ್ತು," ಅಂದಳು. ಮರದಡಿಗೆ ವಾಪಸು ಹೋಗಿ ಕೂತಳು.

"ಈಗ ಏಳು ಹಾಕು," ಅಂದಳು ನಿವೇತಾ.

"ಮತ್ತೆ ಹೋಯ್ತೀಯಾ?" ಅಯ್ಯಾವು ಕೇಳಿದ.

"ಹಾಕಿದ್ರೆ ಹೋಯ್ತೀನಿ ಅಪ್ಪಾ. ಗಾಳಿ ಸರಿಯಿದ್ರೆ ಇದು ಮಡಚೋದಿಲ್ಲ. ನೀನೇ ನೋಡು."

ತಿಲಗವತಿ ಪಂಪಿಗೆ ನಿಂತಳು. ಐದರವರೆಗೆ ಸಲೀಸು. ಆರಕ್ಕೆ ಟ್ಯೂಬಿನ ಹೊಲಿಗೆ ಕಿರ್ ಅಂದಿತು. ಇನ್ನೊಂದು ಒತ್ತಿಗೆ ಒಡೆಯುತ್ತದೆ ಅನಿಸಿತು, ಒತ್ತಿದಳು. ಒಡೆಯಲಿಲ್ಲ. ಮತ್ತೊಂದು. ಏಳು. ಗೇಜನ್ನು ತೆಗೆದು ಮತ್ತೆ ಇಟ್ಟಳು. ಏಳೇ.

"ಬೆರಳಲ್ಲಿ ಚಿಮ್ಮಿ ನೋಡು," ಅಂದಳು ನಿವೇತಾ.

ಸಂತೆಯಲ್ಲಿ ಮಡಕೆ ಕೊಳ್ಳುವಾಗ ನೋಡುವ ಹಾಗೆ ತಿಲಗವತಿ ಚಿಮ್ಮಿದಳು. ಟಣ್ ಅಂದಿತು. ಐದರಲ್ಲಿ ಬರೀ ದಬ್ ಅನ್ನುತ್ತಿದ್ದದ್ದು ಅವಳಿಗೆ ಈಗ ಹೊಳೆಯಿತು. ಈ ಸದ್ದು ಒಂದು ಸಲ ಕಿವಿಗೆ ಬಿದ್ದರೆ ಗೇಜೇ ಬೇಡ.

ಶರವಣನ್ ಪಟ ಎತ್ತಲು ಬಂದ. ನಿವೇತಾ ತಡೆದಳು. "ನೀ ಬಿಡು. ಚಿತ್ತಿ ಹಿಡೀಲಿ. ಗಾಳಿ ಹಾಕಿದವರೇ ಹಿಡಿಯೋದು ನಮ್ಮಲ್ಲಿ ಪದ್ಧತಿ."

ತಿಲಗವತಿ ಅತ್ತೆಯ ಕಡೆ ನೋಡಿದಳು. ತಾಳಿ ತೆಗೆದ ಮೇಲೆ, ಈ ಆರು ತಿಂಗಳಲ್ಲಿ, ಮನೆಯಿಂದ ಹೊರಟ ಯಾರನ್ನೂ ಅವಳು ಬಾಗಿಲವರೆಗೂ ಹೋಗಿ ಕಳಿಸಿರಲಿಲ್ಲ. "ನಿಜವಾಗ್ಲೂ ಪದ್ಧತಿನಾ?" ಅಂತ ಪಿಸುಗುಟ್ಟಿದಳು.

"ಇಲ್ಲ. ಇಪ್ಪೋ ದಾನ್, ಈಗ ತಾನೇ ಮಾಡ್ದೆ."

ಪಟ ಹಿಡಿದಾಗ ಅದು ಎಳೆದುಕೊಂಡೇ ಹೋಗುತ್ತದೆ ಅನಿಸಿತು. ಕಟ್ಟಿದ ಹೋರಿಯ ಬಲ. ಮುದುಕಿ ಬೇಡ ಅನ್ನಲಿಲ್ಲ. ನಿವೇತಾ ಹೆಬ್ಬೆರಳು ಎತ್ತಿದಳು. ತಿಲಗವತಿ ಬಿಟ್ಟಳು.

ಪಟ ಮೇಲೆ ಹೋಯಿತು. ಹುಡುಗಿ ಕೆರೆಯ ಆಚೆ ದಡದವರೆಗೆ ಹೋಗಿ, ತಿರುಗಿ, ಈಚೆಗೆ ಬಂದಳು. ಮತ್ತೆ ಹೋದಳು. ಬೆಟ್ಟದಿಂದ ಬೀಸು ಬಂತು. ತಿಲಗವತಿ ಕಣ್ಣು ಮುಚ್ಚಲಿಲ್ಲ. ಟ್ಯೂಬು ಅಲುಗಲಿಲ್ಲ. ಎರಡನೆಯ ಬೀಸೂ ಬಂತು, ಮೊದಲಿನದಕ್ಕಿಂತ ದೊಡ್ಡದು. ಆ ಗಾಳಿಗೆ ನಿವೇತಾ ನೀರು ಬಿಟ್ಟು ಆಳೆತ್ತರ ಹಾರಿ ಇಳಿದಳು. ಅಯ್ಯಾವು "ಏ" ಅಂದ. ಅಷ್ಟೇ. ಆಮೇಲೆ ನಕ್ಕುಬಿಟ್ಟ. ತಮ್ಮ ಸತ್ತ ಮೇಲೆ ಅವನು ನಕ್ಕಿದ್ದನ್ನು ತಿಲಗವತಿ ಕಂಡಿರಲಿಲ್ಲ. ಅವಳು ಅಲ್ಲೇ ಮಣ್ಣಲ್ಲಿ ಕೂತಳು.

ಅರ್ಧ ಗಂಟೆಯ ಮೇಲೆ ಹುಡುಗಿ ದಡಕ್ಕೆ ಬಂದಳು. ಅಯ್ಯಾವು ಮಗಳಿಗೆ ತನ್ನ ಟವಲು ಕೊಟ್ಟ. ತಿಲಗವತಿಯ ಹತ್ತಿರ ಬಂದು, ಕೆರೆಯನ್ನೇ ನೋಡುತ್ತ ಅಂದ:

"ಕಂಪ್ರೆಸರ್ ಬೆಲ್ಟು ಸಡಿಲ ಆಗೈತೆ. ದಾರೀಲಿ ಹೋಗುವಾಗ ಸದ್ದು ಕೇಳ್ತದೆ. ನಾಳೆ ಕಂಬಂ ಪೇಟೆಗೆ ಹೋಯ್ತೀನಿ, ಹೊಸದು ತರ್ತೀನಿ."

"ಬಿಚ್ಚಿಡು ಅಂದ್ರಲ್ಲ ಬಾವ."

"ಬೆಲ್ಟು ಬಿಚ್ಚಿಡು ಅಂದೆ," ಅಂದ ಅಯ್ಯಾವು. ವ್ಯಾನಿನ ಕಡೆ ನಡೆದುಬಿಟ್ಟ.

ಗಾಳಿ ತೆಗೆದು ಪಟ ಮಡಚಬೇಕಾಗಿತ್ತು. ತಾನೇ ಬಿಚ್ಚುತ್ತೇನೆಂದು ತಿಲಗವತಿ ಬಿರಡೆ ಕಿತ್ತಳು. ಗಾಳಿ ಭುಸ್ ಅಂತ ಅವಳ ಅಂಗೈಗೆ ಹೊಡೆಯಿತು. ಕೈ ತೆಗೆಯದೆ ಅದು ಮುಗಿಯುವವರೆಗೆ ಹಾಗೇ ಇಟ್ಟಳು. ಟ್ಯೂಬು ಮೆಲ್ಲಗೆ ನೆಲಕ್ಕೆ ಒರಗಿತು.

ಗೋವಿಂದಮ್ಮಾಳ್ ಪಕ್ಕದಲ್ಲಿ ಬಂದು ನಿಂತಿದ್ದಳು. "ಅಷ್ಟು ಒತ್ತಿದ್ದೆಲ್ಲ ಹೋಯ್ತಲ್ಲೇ," ಅಂದಳು.

"ಹೋಗ್ಲಿ ಅತ್ತೆ. ಈ ಕಣಿವೇಲಿ ಗಾಳಿಗೇನು ಬರವಾ?"