ಡಿಸೆಂಬರಿನ ಗುಡುಗು

ನನ್ನ ಮಾವನ ಕಿವಿಗಳು ಅಗಲವಾಗಿದ್ದವು. ಅಂಚಿನಲ್ಲಿ ಬಿಳಿ ಕೂದಲು ಹುಲ್ಲಿನ ಹಾಗೆ ಎದ್ದು ನಿಂತಿರುತ್ತಿತ್ತು. ಕ್ಷೌರದವನು ಅಲ್ಲಿಗೆ ಕತ್ತರಿ ತಂದರೆ ಕೈ ತಳ್ಳುತ್ತಿದ್ದರು. ಪಣಂಬೂರಿನ ಗೋದಾಮೊಂದರಲ್ಲಿ ಸ್ಟೋರ್ ಕೀಪರ್ ಆಗಿ ನಿವೃತ್ತರಾದವರು. ಅಲ್ಲಿಯ ಲಾರಿ, ಕ್ರೇನುಗಳ ಸದ್ದಿಗೆ ಕಿವಿ ಮಂದವಾಯಿತೆಂದು ಅವರ ವಾದ. ನಾನು ಅಡುಗೆಮನೆಯಿಂದ ತೆಂಗಿನಕಾಯಿ ಸುಲಿದು ಕೊಡಿ ಎಂದು ಗಂಟಲು ಹರಿಯುವಂತೆ ಕೂಗಿದರೂ ಅವರಿಗೆ ಕೇಳಿಸುತ್ತಿರಲಿಲ್ಲ. ಆದರೆ ದೂರದ ಸುರತ್ಕಲ್ಲಿನಲ್ಲಿ ಗುಡುಗಿದರೆ ಸಾಕು, ಕಂಕನಾಡಿಯ ನಮ್ಮ ಮನೆಯಲ್ಲಿ ಎದ್ದು ಟಿವಿಯ ಪ್ಲಗ್ ತೆಗೆಯುತ್ತಿದ್ದರು.

ಈ ಊರಿನಲ್ಲಿ ಸಿಡಿಲಿಗೆ ಹೆದರದವರಿಲ್ಲ. ಮೊದಲ ಗುಡುಗಿಗೇ ಮನೆಯ ಪ್ಲಗ್ಗುಗಳನ್ನೆಲ್ಲ ಕಿತ್ತು ಕೂರುವುದು ಎಲ್ಲರ ಕ್ರಮ. ಮಾವ ಅದನ್ನೊಂದು ಹುದ್ದೆಯ ಹಾಗೆ ನಡೆಸುತ್ತಿದ್ದರು. ಮೀನು ಸಾರಿನ ಮಸಾಲೆ ಅರ್ಧ ರುಬ್ಬಿರುವಾಗಲೇ ಮಿಕ್ಸಿ ನಿಂತುಹೋಗುತ್ತಿತ್ತು. ನಾನು ಗೊಣಗಿದರೆ ಉತ್ತರ ಸಿದ್ಧ: "ಸಾರು ನಾಳೆಯೂ ಮಾಡ್ಬಹುದು. ಸುಟ್ಟ ಮಿಕ್ಸಿ ನಾಳೆ ತಿರುಗ್ತದಾ?"

ಪಕ್ಕದ ಮನೆಯ ಪೊರ್ಬುಗಳು ಅವರ ಜೀವದ ಗೆಳೆಯ. ನಮ್ಮ ಕಡೆ ಹಿರಿಯ ಕ್ರೈಸ್ತ ಗಂಡಸರನ್ನು ಹಾಗೆ ಕರೆಯುವುದು. ಇಬ್ಬರೂ ಒಂದೇ ಬಸ್ಸಿನಲ್ಲಿ ಪಣಂಬೂರಿಗೆ ಹೋಗಿ ಬಂದು ಮುದುಕರಾದವರು. ಸಂಜೆ ಒಟ್ಟಿಗೆ ಕೂತು ಚಹಾ ಕುಡಿಯದಿದ್ದರೆ ಇಬ್ಬರಿಗೂ ತಿಂದದ್ದು ಕರಗುತ್ತಿರಲಿಲ್ಲ. ಹಾಗಿರುವಾಗ ಒಂದು ಭಾನುವಾರ, ಪೊರ್ಬುಗಳ ಮನೆಯವರೆಲ್ಲ ಇಗರ್ಜಿಗೆ ಹೋಗಿದ್ದ ಹೊತ್ತಿನಲ್ಲಿ, ನನ್ನ ಗಂಡ ನಮ್ಮ ಮನೆಯ ಹಂಚಿನ ಮಾಡಿನ ಮೇಲೆ ಚಾಚಿದ್ದ ಅವರ ಮಾವಿನ ಮರದ ಕೊಂಬೆಯನ್ನು ಹೇಳದೆ ಕೇಳದೆ ಕಡಿಸಿಬಿಟ್ಟರು. ಪೊರ್ಬುಗಳ ಮಗ ಗೋಡೆಯ ಆಚೆಯಿಂದ ಬೈದ, ನಮ್ಮವರು ಈಚೆಯಿಂದ ಬೈದರು. ಅದಾಗಿ ಸ್ವಲ್ಪ ದಿನಕ್ಕೆ ನಮ್ಮ ಅಂಗಳದಲ್ಲಿ, ಗೋಡೆಯ ಬುಡದಲ್ಲಿ ಮಾವಿನ ತರಗೆಲೆಯ ರಾಶಿ ಬಿದ್ದಿತ್ತು. ಬೇಕೆಂದೇ ಕಸ ಬಿಸಾಡಿದ್ದಾರೆ ಎಂದು ನಮ್ಮವರು ಕೆಂಡವಾದರು. "ಅಪ್ಪ, ಇನ್ನು ಆ ಮನೆಯವರೊಟ್ಟಿಗೆ ಮಾತು ಬೇಡ" ಎಂದರು. ಮಾವ ಕಿವಿ ತುರಿಸಿಕೊಂಡರು. ಕೇಳಿಸಿತೋ ಇಲ್ಲವೋ ನನಗೆ ತಿಳಿಯಲಿಲ್ಲ.

ಎಲೆ ಬಿಸಾಡುವವರನ್ನು ಸಾಕ್ಷಿ ಸಮೇತ ಹಿಡಿಯಬೇಕೆಂದು ನಮ್ಮವರು ಕ್ಯಾಮೆರಾ ತಂದು ಜಗಲಿಯ ಮೇಲ್ಗಡೆ ಕೂರಿಸಿದರು. ಗೇಟು, ಅಂಗಳ, ಗೋಡೆ ಎಲ್ಲವೂ ಅದರ ಕಣ್ಣಿಗೆ ಬೀಳುತ್ತಿತ್ತು. ವಿಡಿಯೊ ಇಡಲು ಕಂಪೆನಿಯ ಕ್ಲೌಡಿಗೆ ತಿಂಗಳು ತಿಂಗಳು ಬಾಡಿಗೆ ಕಟ್ಟಬೇಕೆಂದು ಅಂಗಡಿಯವನು ಹೇಳಿ ಕಳಿಸಿದ್ದ.

"ಈ ಕ್ಲೌಡ್ ಅಂದ್ರೆ ಎಲ್ಲಿ ಉಂಟು?" ಮಾವ ಕೇಳಿದರು.

"ಎಲ್ಲೋ ದೂರದಲ್ಲಿ ಅಪ್ಪ. ಅವರ ಕಂಪ್ಯೂಟರಿನಲ್ಲಿ."

"ನಮ್ಮ ಅಂಗಳದ ಸರಕು ಯಾರದ್ದೋ ಗೋಡೌನಿನಲ್ಲಿ ಎಂತಕ್ಕೆ ಮಾರಾಯ? ಬೀಗದ ಕೈ ನಮ್ಮ ಹತ್ರ ಇರ್ಬೇಕು." ಹೀಗೆಂದು ಅವರು ಕಪಾಟಿನ ಮೇಲಿದ್ದ ರೌಟರನ್ನು ತಿರುವಿ ನೋಡಿದರು. "ಇದರ ಹಿಂದೆ ಒಂದು ತೂತು ಖಾಲಿ ಉಂಟಲ್ಲ, ಅದು ಎಂತಕ್ಕೆ?"

ಅದು ಪೆನ್‌ಡ್ರೈವ್ ಸಿಕ್ಕಿಸುವ ಜಾಗ. ನಮ್ಮವರು ಒಂದು ಇಡೀ ರಜಾದಿನ ಅದರ ಮುಂದೆ ಕೂತು, ಯಾರದೋ ವಿಡಿಯೊ ನೋಡಿ, ಎರಡು ಸಲ ಮನೆಯ ವೈಫೈಯನ್ನೇ ಕೆಡಿಸಿ, ಕೊನೆಗೂ ಕ್ಯಾಮೆರಾ ಕಂಡದ್ದೆಲ್ಲ ರೌಟರಿನ ಬೆನ್ನಿಗಿದ್ದ ಆ ಪೆನ್‌ಡ್ರೈವಿನಲ್ಲಿ ಹೋಗಿ ಕೂರುವಂತೆ ಮಾಡಿದರು. ಜಾಗ ತುಂಬಿದಾಗ ಹಳೆಯದು ತಾನಾಗಿ ಅಳಿದು ಹೊಸತಕ್ಕೆ ಎಡೆಯಾಗುತ್ತಿತ್ತು. "ಮೊದಲು ಬಂದದ್ದು ಮೊದಲು ಹೊರಗೆ. ಸರಿಯಾದ ಕ್ರಮ" ಎಂದು ಮಾವ ತಲೆದೂಗಿದರು. ಅಂದಿನಿಂದ ಅವರ ಬಾಯಲ್ಲಿ ಅದಕ್ಕೆ ಗೋಡೌನು ಎಂದೇ ಹೆಸರು, ಉಸ್ತುವಾರಿಯೂ ಅವರದೇ. ರೌಟರಿನ ಪ್ಲಗ್ ಕಿತ್ತರೆ ಕ್ಯಾಮೆರಾ ನೋಡುತ್ತಲೇ ಇರುತ್ತದೆ, ಆದರೆ ಒಂದೂ ಉಳಿಯುವುದಿಲ್ಲ ಎಂಬುದನ್ನು ಅವರು ಮಗನ ಬಾಯಿಂದಲೇ ಕೇಳಿ ತಿಳಿದುಕೊಂಡರು. ಆ ಮಾತು ಮಾತ್ರ ಒಂದೇ ಸಲಕ್ಕೆ ಕೇಳಿಸಿತ್ತು.

ಡಿಸೆಂಬರಿನಲ್ಲಿ ನನಗೊಂದು ಪಾರ್ಸೆಲ್ ಬರಬೇಕಿತ್ತು. ಕೊಟ್ಟಾಗಿದೆ ಎಂದು ಮೆಸೇಜು ಬಂದಿತ್ತು, ಮನೆಯಲ್ಲಿ ಪಾರ್ಸೆಲ್ ಇರಲಿಲ್ಲ. ಗೋಡೌನು ತೆರೆದು ನೋಡಿದೆ. ಸಂಜೆ ನಾಲ್ಕರಿಂದ ಐದರವರೆಗೆ ವಿಡಿಯೊ ಇಲ್ಲ. ಹಿಂದಿನ ದಿನವೂ ಇಲ್ಲ, ಅದರ ಹಿಂದಿನ ದಿನವೂ ಇಲ್ಲ. ಪಾರ್ಸೆಲ್ ಮಾವನ ಮಂಚದ ಅಡಿಯಲ್ಲೇ ಸಿಕ್ಕಿತು. ತೆಗೆದುಕೊಂಡವರು ಅವರೇ, ಅಲ್ಲಿ ತಳ್ಳಿ ಮರೆತಿದ್ದರು.

"ರೌಟರ್ ಯಾಕೆ ಆಫ್ ಮಾಡಿದ್ದು ಮಾವ?"

"ಗುಡುಗಿತು."

"ಡಿಸೆಂಬರಿನಲ್ಲಾ?"

"ದೂರದಲ್ಲಿ. ನಿಮಗೆಲ್ಲ ಅದು ಕೇಳುವುದಿಲ್ಲ."

ಮರುದಿನ ಸುರತ್ಕಲ್ಲಿನ ನನ್ನ ಆಫೀಸಿನಿಂದ ಅರ್ಧ ದಿನದ ರಜೆ ಹಾಕಿ ಬಂದೆ. ಗೇಟು ತೆರೆದರೆ, ಗೋಡೆಯ ಪಕ್ಕದ ಮಲ್ಲಿಗೆ ಗಿಡಗಳ ಹತ್ತಿರ ಎರಡು ಸ್ಟೂಲು. ಒಂದರಲ್ಲಿ ಮಾವ, ಇನ್ನೊಂದರಲ್ಲಿ ಪೊರ್ಬುಗಳು. ನಡುವೆ ಎರಡು ಲೋಟ ಚಹಾ, ಒಂದು ತಟ್ಟೆ ಕ್ರಿಸ್ಮಸ್ಸಿನ ಕುಸ್ವಾರ್ ತಿಂಡಿ. ಮಾವ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದರು. ಪೊರ್ಬುಗಳು ನನ್ನನ್ನು ಕಂಡು ಲೋಟದ ಸಮೇತ ಎದ್ದು ನಿಂತರು.

"ಗುಡುಗು ಉಂಟಲ್ಲ ಮಗಾ, ಸ್ವಲ್ಪ ಕಡಿಮೆ ಆಗ್ಲಿ ಅಂತ ಕೂತದ್ದು" ಎಂದರು.

ಕಣ್ಣು ಕುಕ್ಕುವ ಬಿಸಿಲು. ಅವರ ಕಾಲಬಳಿ ಮಾವಿನ ತರಗೆಲೆಯ ಬುಟ್ಟಿ. ಅರ್ಧ ಬುಟ್ಟಿಯ ಎಲೆಯನ್ನು ಆಗಲೇ ಮಲ್ಲಿಗೆಯ ಬುಡಕ್ಕೆ ಹರಡಿ ಆಗಿತ್ತು.

"ಮಲ್ಲಿಗೆಗೆ ಒಳ್ಳೆದು" ಎಂದರು ಮಾವ, ನಾನು ಕೇಳುವ ಮೊದಲೇ. "ನಾನೇ ತರ್ಲಿಕ್ಕೆ ಹೇಳಿದ್ದು."

"ಹಾಗಾದ್ರೆ ಅವತ್ತು ಗೋಡೆ ಬುಡದಲ್ಲಿ ಬಿದ್ದ ರಾಶಿ?"

"ಅದೂ ನಾನೇ ಹೇಳಿದ್ದು. ಇವರು ಆಚೆಯಿಂದ ಹಾಕಿದ್ರು. ಹರಡುವಷ್ಟರಲ್ಲಿ ನಿನ್ನ ಗಂಡ ನೋಡಿದ."

ನನಗೆ ಸಿಟ್ಟು ಬಂತು. ಒಂದು ರಾಶಿ ಗೊಬ್ಬರಕ್ಕಾಗಿ ಎರಡು ಮನೆ ಮುಖ ತಿರುಗಿಸಿ ಕೂತಿವೆ, ಈ ಮನುಷ್ಯ ತುಟಿ ಬಿಚ್ಚಿಲ್ಲ. ಮಗನಿಗೆ ಹೇಳಬಾರದಿತ್ತಾ ಎಂದು ಜೋರಾಗಿಯೇ ಕೇಳಿದೆ.

"ಹೇಳಿದ್ರೆ ಅವರದ್ದು ತಪ್ಪಿಲ್ಲ, ಇವನು ಕೊಂಬೆ ಕಡಿದದ್ದು ಮಾತ್ರ ತಪ್ಪು ಅಂತ ಆಗ್ತದೆ. ಸಿಟ್ಟಿನಲ್ಲಿರುವಾಗ ಹಾಗೆ ಹೇಳಿದ್ರೆ ಅವನಿಗೆ ಮುಖ ಎತ್ಲಿಕ್ಕೆ ಆಗುವುದಿಲ್ಲ. ಬಿಸಿ ಸರಕನ್ನು ಒಳಗೆ ಇಡ್ಬಾರ್ದು ಮಗಾ, ಬೆಂಕಿ ಹಿಡೀತದೆ. ತಣೀಲಿ."

"ನನ್ನವನೂ ಹಾಗೆಯೇ" ಎಂದು ಪೊರ್ಬುಗಳು ನಿಟ್ಟುಸಿರು ಬಿಟ್ಟರು. "ಇವರ ಹತ್ರ ಮಾತಾಡಿದ್ರೆ ಮನೆಗೆ ಬರ್ಬೇಡಿ ಅಂದಿದ್ದಾನೆ. ಅದಕ್ಕೆ ನನ್ನ ಮನೆಯಲ್ಲಿಯೂ ಈಗ ಗುಡುಗೇ."

ಆಮೇಲೆ ಹೇಗೆ ಸಿಟ್ಟು ಮಾಡುವುದು? ನಕ್ಕುಬಿಟ್ಟೆ. ಒಳಗೆ ಹೋಗಿ ಇನ್ನೊಮ್ಮೆ ಚಹಾ ಮಾಡಿ ತಂದೆ, ನನಗೂ ಒಂದು ಸ್ಟೂಲು ಹಾಕಿಕೊಂಡೆ. ಅಂದು ರಾತ್ರಿ ಊಟದ ಹೊತ್ತಿಗೆ ನಮ್ಮವರು ಮೊಬೈಲ್ ನೋಡುತ್ತ, "ಸಂಜೆಯ ವಿಡಿಯೊ ಒಂದೂ ಇಲ್ಲ, ಎಂತ ಕಥೆ?" ಎಂದು ಕೇಳಿದರು. ಮಾವ ಅನ್ನ ಕಲಸುವುದನ್ನು ನಿಲ್ಲಿಸಿದರು. "ಗುಡುಗಿತಂತೆ" ಎಂದೆ ನಾನು. ನಮ್ಮವರು ನನ್ನನ್ನು ನೋಡಿದರು, ಅಪ್ಪನನ್ನು ನೋಡಿದರು, ಓಹೋ ಎಂದು ಮೊಬೈಲ್ ಕೆಳಗಿಟ್ಟು ಸಾರು ಬಡಿಸಿಕೊಂಡರು.

ಮರುವರ್ಷ ಚಳಿ ಮುಗಿದು ಸೆಕೆ ಶುರುವಾಗುವ ಹೊತ್ತಿಗೆ, ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದ ಮಾವ ಏಳಲಿಲ್ಲ. ಅಷ್ಟು ಹಗುರವಾಗಿ ಹೋದರು. ನೆಂಟರೆಲ್ಲ ಬಂದು ಅಂಗಳ ತುಂಬಿತು. ಪೊರ್ಬುಗಳು ಮಾತ್ರ ಗೇಟಿನ ಹೊರಗೇ ನಿಂತಿದ್ದರು. ಕೈ ಚಿಲಕದ ಮೇಲೆ, ಕಣ್ಣು ಕ್ಯಾಮೆರಾದ ಮೇಲೆ. ಅವರ ಹಿಂದೆ ಅವರ ಮಗ ತಲೆ ತಗ್ಗಿಸಿ ನಿಂತಿದ್ದ. ಎದ್ದು ಹೋಗಿ ಕರೆಯೋಣವೆಂದರೆ ಇಂಥ ಹೊತ್ತಿನಲ್ಲಿ ನಮ್ಮವರು ಏನೆಂದುಕೊಳ್ಳುತ್ತಾರೋ ಎಂಬ ಅಳುಕು ನನಗೆ.

ಅಪ್ಪನ ತಲೆಯ ಬಳಿ ಕೂತಿದ್ದ ನಮ್ಮವರು ಅವರನ್ನು ಕಂಡರು. ಎದ್ದು ಒಳಗೆ ಹೋದರು. ಕಪಾಟಿನ ಮೇಲೆ ರೌಟರಿನ ಹಸಿರು ದೀಪಗಳು ಆರಿದ್ದು ನನಗೆ ಕಾಣಿಸಿತು. ಹೊರಗೆ ಬಂದು ನೇರ ಗೇಟಿಗೆ ನಡೆದು ಚಿಲಕ ತೆಗೆದರು.

"ಗುಡುಗು ಉಂಟು ಅಂಕಲ್" ಎಂದರು. "ಒಳಗೆ ಬನ್ನಿ. ನೀನೂ ಬಾ ಮಾರಾಯ."

ಆಕಾಶದಲ್ಲಿ ಒಂದು ತುಂಡು ಮೋಡ ಇರಲಿಲ್ಲ. ಪೊರ್ಬುಗಳು ನಮ್ಮವರ ಹೆಗಲು ಹಿಡಿದು ಮಗುವಿನ ಹಾಗೆ ಅತ್ತರು, ನಮ್ಮವರೂ ಅತ್ತರು.

ಯಾವಾಗ ಗೊತ್ತಾಯಿತೆಂದು ಆಮೇಲೆ ನಮ್ಮವರನ್ನು ಕೇಳಿದೆ. "ಡಿಸೆಂಬರಿನಲ್ಲಿ ಗುಡುಗುವುದಿಲ್ಲ ಅಂತ ನನಗೂ ಗೊತ್ತುಂಟು ಮಾರಾಯ್ತಿ. ಅಪ್ಪನೇ ಹೇಳ್ಲಿ ಅಂತ ಕಾದೆ" ಎಂದರು.

ಹಳೆಯದು ಅಳಿಯಬಾರದೆಂದು ಆ ಪೆನ್‌ಡ್ರೈವನ್ನು ತೆಗೆದು ಬೇರೆ ಇಟ್ಟಿದ್ದೇವೆ. ಮೊನ್ನೆ ಕೂತು ನೋಡಿದೆ. ಹಾಲಿನವನು ಇದ್ದಾನೆ, ಬೆಕ್ಕು ಇದೆ, ಬ್ಯಾಗು ಹಿಡಿದು ಓಡುವ ನಾನಿದ್ದೇನೆ, ಗೇಟಿನ ಚಿಲಕ ಬಿತ್ತೋ ಎಂದು ಎಳೆದು ನೋಡುವ ಮಾವನೂ ಇದ್ದಾರೆ. ಆ ಮಲ್ಲಿಗೆ ಗಿಡದ ಹತ್ತಿರ ಕೂತು ಅವರು ಕಣ್ಣೊರೆಸಿಕೊಂಡು ನಕ್ಕದ್ದು ಮಾತ್ರ ಅದರಲ್ಲಿ ಎಲ್ಲಿಯೂ ಇಲ್ಲ. ಅದನ್ನು ಕಂಡವಳು ನಾನು. ಅದಕ್ಕೇ ಬರೆದಿಟ್ಟೆ.