ದೊರೆಯ ಕಯಾಕಿಗೆ ಅವ್ವನ ಸೀಟು

ಮೇ ತಿಂಗಳ ಕೊನೆಯ ಭಾನುವಾರ ನಮ್ಮ ಜಗಲಿಯಲ್ಲಿ ಅವ್ವ ಜೀಪಿನ ಸೀಟಿನ ಮೇಲೆ ಕೂತು ಕಾಫಿ ಕುಡಿದಳು. ಜೀಪು ಮಾತ್ರ ಇರಲಿಲ್ಲ.

ದಾರಿಯಲ್ಲಿ ಹೋಗುವವರು ನಿಂತು ನೋಡಿದರು. ಒಬ್ಬರು, "ಜೀಪು ಹಿಂದಿಂದ ಬರ್ತದಾ?" ಎಂದು ಕೇಳಿಯೂ ಬಿಟ್ಟರು. ಅವ್ವ ತಲೆ ಎತ್ತಲಿಲ್ಲ. ನಾನು ಡೈರಿ ಹಿಡಿದು ಪಕ್ಕದಲ್ಲಿ ನಿಂತಿದ್ದೆ. (ಈ ಅಂಕಣ ಓದುವವರಿಗೆ ನನ್ನ ಚಟ ಗೊತ್ತಲ್ಲ? ತಾರೀಖು ಹಾಕದೆ, ಗೀಟು ಎಳೆಯದೆ ನನಗೆ ಊಟ ಸೇರದು.)

"ಮೆತ್ತಗೆ ಉಟ್ಟಾ ಅವ್ವ?"

"ಮೆತ್ತಗೆ ಉಟ್ಟು."

"ಹಾಗಾದ್ರೆ ಇದೇ ಹಾಕ್ಲಾ?"

"ಬೇಡ. ಸರಿ ಇಲ್ಲೆ."

(ನಮ್ಮ ಮನೆಮಾತಿನಲ್ಲಿ 'ಉಟ್ಟು' ಎಂದರೆ ಇದೆ, 'ಇಲ್ಲೆ' ಎಂದರೆ ಇಲ್ಲ.) ಮೆತ್ತಗಿದ್ದೂ ಸರಿ ಇಲ್ಲದ ಸೀಟು ಎಂಥದ್ದು? ನೀವೇ ಹೇಳಿ.

ಮೊದಲಿಂದ ಹೇಳುತ್ತೇನೆ. ನಾನು ನಾಪೋಕ್ಲಿನ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ ಲೆಕ್ಕ, ಹಾಜರಿ ಬರೆಯುವ ರೈಟರ್. ಅದನ್ನು ಮಾರಿ ತನ್ನ ಊರಿಗೆ ಹೊರಟ ಬಿಳಿ ದೊರೆ ಗೋಡೌನಿನಲ್ಲಿ ಒಂದು ದೋಣಿ ಬಿಟ್ಟು ಹೋಗಿದ್ದ. ಮರದ ಹಂದರ, ಮೇಲೆ ಬಣ್ಣ ಬಳಿದ ಕ್ಯಾನ್ವಾಸು, ಎರಡೂ ತುದಿ ಚೂಪು. ಇಬ್ಬರು ಒಬ್ಬರ ಹಿಂದೊಬ್ಬರು ಕಾಲು ಚಾಚಿ ಕೂರಬಹುದು. ಅದಕ್ಕೆ ಕಯಾಕ್ ಎನ್ನುತ್ತಾರಂತೆ. ಅವ್ವ ಸೌತೆಕಾಯಿ ಎನ್ನುತ್ತಾಳೆ. ಹೊಸ ಯಜಮಾನರಿಗೆ ಗೊಬ್ಬರ ಇಡಲು ಜಾಗ ಬೇಕಿತ್ತು. "ತಗೊಂಡು ಹೋಗಪ್ಪ" ಎಂದರು. ಹೊತ್ತು ತಂದೆ.

ಎರಡು ವರ್ಷ ಅದರಲ್ಲಿ ಕೆರೆ ಸುತ್ತಿದೆ, ಹೊಳೆ ದಾಟಿದೆ. ಹಿಂದಿನ ಸೀಟು ಬರೀ ಹಲಗೆ, ನನ್ನ ವಯಸ್ಸಿಗೆ ಸಾಕು. ಮುಂದಿನ ಬೆತ್ತದ ಸೀಟನ್ನು ಇಲಿಗಳು ಯಾವತ್ತೋ ಮುಗಿಸಿದ್ದವು. ಅಲ್ಲಿ ಕೂರುವವರು ಯಾರೂ ಇರಲಿಲ್ಲ.

ಈ ವರ್ಷ ಇದ್ದರು. ನಮ್ಮ ನೀಲಕ್ಕನನ್ನು ಕೊಟ್ಟದ್ದು ಹೊಳೆಯಾಚೆಗೆ. ಮೊದಲ ಹೆರಿಗೆ ನಮ್ಮ ಮನೆಯಲ್ಲೇ ಆಯಿತು. ತುಂಬ ಕಷ್ಟವಾಗಿತ್ತು. ಅಕ್ಕ ಅವ್ವನ ಕೈ ಬಿಡಲೇ ಇಲ್ಲ. ಎರಡನೆಯದು ಗಂಡನ ಮನೆಯಲ್ಲಿ ಆಗಬೇಕು, ಅದು ಕ್ರಮ. ಆದರೆ ಅಕ್ಕ ಹೇಳಿ ಕಳಿಸಿದ್ದಳು: "ಡಾಕ್ಟ್ರು ಬೇಡ, ಅವ್ವ ಬಂದ್ರೆ ಸಾಕು."

ಹೋಗುವುದು ಹೇಗೆ? ಜನರನ್ನು ದಾಟಿಸುವ ಕಡವಿನ ದೋಣಿಯ ತಳ ಕಳೆದ ಮಳೆಗಾಲದಲ್ಲಿ ಒಡೆದಿತ್ತು, ಹೊಸತು ಇನ್ನೂ ಆಗಿಲ್ಲ. ಬಸ್ಸಿನಲ್ಲಿ ಮಡಿಕೇರಿ ಸುತ್ತಿ ಹೋಗಬೇಕು. ಅವ್ವ ಬಸ್ಸಿನ ವಾಸನೆಗೇ ಸೆರಗು ಮೂಗಿಗೆ ಹಿಡಿಯುವವಳು. ಸೊಂಟನೋವು ಬೇರೆ. ಉಳಿದದ್ದು ನನ್ನ ಸೌತೆಕಾಯಿ. ಅದೂ ಮಳೆಗೆ ಮಣ್ಣು ಕಲಸಿ ಹೊಳೆ ಕೆಂಪಾಗುವ ಮುಂಚೆ. ಆಮೇಲೆ ಆ ನೀರಿಗೆ ಯಾರೂ ಇಳಿಯುವುದಿಲ್ಲ.

ಅಂಗಳದಲ್ಲಿ ಇಟ್ಟ ಕಯಾಕಿನಲ್ಲಿ ಅವ್ವ ಒಮ್ಮೆ ಕೂತಳು. ಮುಂದಕ್ಕೆ ನೋಡಿದಳು. ಹಿಂದಕ್ಕೆ ಕತ್ತು ತಿರುಗಿಸಿದಳು. ಎದ್ದಳು. "ಸರಿ ಇಲ್ಲೆ" ಎಂದಳು. ಅಡಿಯಲ್ಲಿ ಬರೀ ಪಟ್ಟಿಗಳು. ಗಟ್ಟಿಯಾಯಿತು ಎಂದು ನಾನು ತೀರ್ಮಾನಿಸಿದೆ. ನೀವಾದರೂ ಹಾಗೆಯೇ ತೀರ್ಮಾನಿಸುತ್ತಿದ್ದಿರಿ, ಅಲ್ಲವೇ?

ಡೈರಿಯಲ್ಲಿ ಮೂರು ಕಾಲಂ ಎಳೆದೆ. ಎತ್ತರ, ಮೆತ್ತಗೆ, ನೆನೆದರೆ ಏನಾಗುತ್ತದೆ.

ಮೊದಲನೆಯದು ಗೋಣಿಚೀಲಕ್ಕೆ ಹುಲ್ಲು ತುಂಬಿದ್ದು. ಒಂದು ಬಕೆಟ್ ನೀರು ಸುರಿದು ನೋಡಿದೆ. ಎತ್ತಲು ಇಬ್ಬರು ಬೇಕಾದರು. ಗೀಟು ಎಳೆದೆ.

ಎರಡನೆಯದೇ ಈ ಜೀಪಿನ ಸೀಟು. ನಮ್ಮ ಎಸ್ಟೇಟಿನ ಡ್ರೈವರ್ ಅಬ್ಬು ಅಮ್ಮತ್ತಿ ಪೇಟೆಗೆ ಹೋದವನು ಒಂದು ಗ್ಯಾರೇಜಿನ ಹಿತ್ತಲಲ್ಲಿ ಬಿದ್ದಿದ್ದನ್ನು ಕೇಳಿ ತಂದ. "ಸ್ಪ್ರಿಂಗ್ ಸೀಟು ರೈಟ್ರೇ! ಇದ್ರಲ್ಲಿ ಕೂತ್ರೆ ಅಮ್ಮನಿಗೆ ಎದ್ದೇಳ್ಲಿಕ್ಕೇ ಮನಸ್ಸು ಬರೂದಿಲ್ಲ." ಅವ್ವ ಕಾಫಿ ಮುಗಿಸಿ ಆರಾಮಾಗಿ ಎದ್ದು ಹೋದಳು. ಅದನ್ನು ನಿಮಗೆ ಆಗಲೇ ಹೇಳಿದೆ.

ಆದರೂ ನಮಗೆ ಆಸೆ ಬಿಡಲಿಲ್ಲ. ನೀರಿನ ಮೇಲೆ ನೋಡಿದರೆ ಅವ್ವ ಒಪ್ಪಬಹುದು ಎಂದುಕೊಂಡೆವು. ಎಸ್ಟೇಟಿನ ಕೆರೆಯಲ್ಲಿ ಸೀಟು ಕೂರಿಸಿ ಅಬ್ಬುವನ್ನು ಮುಂದೆ ಹತ್ತಿಸಿದೆ. ಸಿಂಹಾಸನದಲ್ಲಿ ಕೂತ ಹಾಗೆ ಕೂತ. ನಾಲ್ಕು ಹುಟ್ಟು ಹಾಕಿದೆ. ಅಬ್ಬು ಬೀಡಿಗಾಗಿ ಜೇಬಿನ ಕಡೆ ವಾಲಿದ. "ಪಡಚೋನೇ!" ಎಂದು ಅವನು ದೇವರನ್ನು ಕೂಗಿದ್ದಷ್ಟೇ ನನಗೆ ಕೇಳಿಸಿದ್ದು. ಎತ್ತರದಲ್ಲಿ ಭಾರ ಕೂತರೆ ದೋಣಿ ಮಗುಚುತ್ತದೆ ಎಂದು ನೀರೊಳಗೆ ಇರುವಾಗ ಹೊಳೆಯಿತು. ಕೂಲಿ ಲೈನಿನ ಹೆಂಗಸರು ದಂಡೆಯಲ್ಲಿ ನಿಂತು ನಕ್ಕರು. ಕಯಾಕನ್ನು ಎಳೆದು ತಂದೆವು. ಸೀಟು ಈಗಲೂ ಕೆರೆಯ ತಳದಲ್ಲಿದೆ. (ಮೀನುಗಳಿಗೆ ಸುಖ ಬರೆದಿತ್ತು.)

ನಾವು ಒದ್ದೆಯಾಗಿ ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಬೈಗುಳಕ್ಕೆ ತಯಾರಾಗಿದ್ದೆ. ಅವ್ವ ಕೇಳಿದ್ದು ಒಂದೇ: "ಅಬ್ಬು ಯಾವ ಕಡೆ ಮುಖ ಮಾಡಿ ಕೂತಿದ್ದ?"

"ಮುಂದಕ್ಕೆ. ಮತ್ತೆಲ್ಲಿಗೆ?"

"ಹೂಂ" ಎಂದು ಒಳಗೆ ಹೋದಳು. ಟವೆಲ್ ತಂದುಕೊಟ್ಟಳು. ನಾನು ತಲೆ ಒರೆಸಿಕೊಂಡೆ. ತಲೆಗೆ ಏನೂ ಹೋಗಲಿಲ್ಲ.

ಜೂನ್ ಬಂತು. ಸಂಜೆ ಗುಡುಗುತ್ತಿತ್ತು. ಆಫೀಸಿನಲ್ಲಿ ಕೂತರೆ ಕಾಲು ತಾನಾಗಿ ಕುಣಿಯುತ್ತಿತ್ತು. ಚೆಕ್‌ರೋಲ್‌ನಲ್ಲಿ ಒಬ್ಬಳಿಗೆ ಎರಡು ಸಲ ಹಾಜರಿ ಹಾಕಿದೆ. ದಿನಾ ಬೆಳಿಗ್ಗೆ ಹೊಳೆಗೆ ಓಡಿ ಹೋಗಿ ನೀರಿನ ಬಣ್ಣ ನೋಡುವುದು, ಸಂಜೆ ಮತ್ತೆ ಓಡುವುದು. ಆಚೆ ದಂಡೆಯಿಂದ ಭಾವ ಕೂ ಹಾಕುತ್ತಿದ್ದರು.

"ಪೂವಯ್ಯಾ, ಅತ್ತೆ ಯಾವಾಗ ಬರೋದು?"

"ಸೀಟು ಆಗ್ಲಿಲ್ಲ ಭಾವಾ!"

"ಎಂತ ಆಗ್ಲಿಲ್ಲ?"

"ಸೀಟು!"

ಹೆಂಡತಿ ದಿನ ತುಂಬಿ ಕೂತಿರುವಾಗ ಈ ಮಾತನ್ನು ಕೇಳಿಸಿಕೊಳ್ಳುವ ಗಂಡಸಿನ ಸ್ಥಿತಿ ಯೋಚಿಸಿ.

ಮೂರನೆಯ ಸೀಟನ್ನು ನಾನೇ ಮಾಡಿದೆ. ತಳಕ್ಕೆ ಅಂಟಿದ ಹಾಗೆ ತಗ್ಗಾದ ಹಲಗೆ. ಅದರ ಮೇಲೆ ಬೂರುಗದ ಹತ್ತಿಯ ದಿಂಬು, ನೆನೆಯದ ಹಾಗೆ ನನ್ನ ಹಳೆಯ ರೈನ್‌ಕೋಟಿನ ಹೊದಿಕೆ. ಬೆನ್ನಿಗೆ ಒರಗಲು ಕ್ಯಾನ್ವಾಸಿನ ಪಟ್ಟಿ. ಮೂರು ಕಾಲಂಗಳಲ್ಲೂ ಪಾಸು. ಕೆರೆಯಲ್ಲಿ ಅಬ್ಬು ಬೀಡಿ ಹಚ್ಚಿ, ಸೇದಿ, ಎಸೆದ. ಮಗುಚಲಿಲ್ಲ.

ಅಂಗಳದಲ್ಲಿ ಅವ್ವ ಕೂತಳು.

"ಮೆತ್ತಗೆ ಉಟ್ಟಾ?"

"ಮೆತ್ತಗೆ ಉಟ್ಟು."

"ಬೆನ್ನಿಗೆ?"

"ಒಳ್ಳೇದುಟ್ಟು."

"ನಾಳೆ ಹೋಗುವಾ?"

ಅವ್ವ ಹಿಂದಕ್ಕೆ ಕತ್ತು ತಿರುಗಿಸಿ ನನ್ನನ್ನು ನೋಡಿದಳು. "ಸರಿ ಇಲ್ಲೆ."

ನಾನು ಡೈರಿಯನ್ನು ನೆಲಕ್ಕೆ ಎಸೆದೆ. "ಹೋಗುವ ಮನಸ್ಸು ಇಲ್ಲ ಅಂತ ಹೇಳಿಬಿಡು!" ಎಂದೆ. ಹೇಳಬಾರದಿತ್ತು. ಅವ್ವ ಡೈರಿ ಎತ್ತಿ ಮಣ್ಣು ಒರೆಸಿ ಜಗಲಿಯ ಮೇಲಿಟ್ಟಳು.

ಆ ಸಂಜೆ ಭಾವ ಕೂ ಹಾಕಿದ್ದು ಬೇರೆ ಥರ ಇತ್ತು. "ಇನ್ನು ಎರಡು ದಿನ ಅಂತಾಳೆ ಸೂಲಗಿತ್ತಿ! ನೀಲ ಅಳ್ತಾ ಉಟ್ಟು!"

ಮನೆಗೆ ಬಂದು ಹೇಳಿದೆ. ಅವ್ವ ಒಲೆಯ ಮೇಲಿದ್ದದ್ದನ್ನು ಇಳಿಸಿದಳು. ಒಂದು ಗಂಟು ಕಟ್ಟಿದಳು, ಮೆಣಸು, ಬೆಲ್ಲ, ಹಳೆಯ ಸೀರೆಗಳು. ನೇರ ಅಂಗಳಕ್ಕೆ ಹೋಗಿ ಕಯಾಕಿಗೆ ಹತ್ತಿ ಕೂತಳು. ತಿರುಗಾಮುರುಗ. ಮುಖ ಹಿಂದಕ್ಕೆ, ನಾನು ಕೂರುವ ಹಲಗೆಯ ಕಡೆಗೆ. ಒರಗುವ ಪಟ್ಟಿ ಹೊಟ್ಟೆಯ ಮುಂದೆ.

"ಅಲ್ಲವ್ವ, ಆ ಕಡೆ ತಿರುಗು."

"ನೀ ತಿರುಗಿಸು ಇದನ್ನ. ಕಡವಿನ ದೋಣೀಲಿ ನಾವು ಯಾರ ಮುಖ ನೋಡಿ ಕೂರೋದು?"

"ದೋಣಿಯವನದ್ದು."

"ಅವ್ನ ಮುಖ ಸರಿ ಉಟ್ಟು ಅಂದ್ರೆ ನೀರು ಸರಿ ಉಟ್ಟು. ನೀರು ನೋಡಿ ನಂಗೆ ಎಂತ ಗೊತ್ತಾಗ್ತದೆ? ನೀ ಹಿಂದೆ ಕೂತು ಎಂತ ಮಾಡ್ತೀಯ ಅಂತ ಕಾಣದೆ ನಾ ಹೆಂಗೆ ಕೂರೋದು?"

"ಇದನ್ನ ಮೊದ್ಲೇ ಹೇಳ್ಬಾರ್ದಾ?"

"ನೀ ಕೇಳಿದ್ದು ಮೆತ್ತಗೆ ಉಟ್ಟಾ ಅಂತ. ಮೆತ್ತಗೆ ಉಟ್ಟು ಅಂದೆ."

ನಾಲ್ಕು ಸ್ಕ್ರೂ. ಬಿಚ್ಚಿ ತಿರುಗಿಸಿ ಹಾಕಲು ಒಂದು ಕಾಫಿ ಕುಡಿಯುವಷ್ಟು ಹೊತ್ತೂ ಹಿಡಿಯಲಿಲ್ಲ.

ಆಮೇಲೆ ಯೋಚಿಸಿದೆ. ಈಗಿನ ಕಾಲದಲ್ಲಿ ಎಲ್ಲರೂ ನಮ್ಮನ್ನು ಮೆತ್ತಗೆ ಕೂರಿಸಲು ಎಷ್ಟು ಕಷ್ಟಪಡುತ್ತಾರೆ! ಬಸ್ಸಿಗೆ ಕುಶನ್ ಬಂತು. ಮದುವೆ ಮನೆಗೆ ಬಾಡಿಗೆ ಕುರ್ಚಿ ಬಂತು. ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಮಡಿಕೇರಿಯ ಆಫೀಸಿನಲ್ಲಿ ಅರ್ಜಿ ಹಿಡಿದು ಹೋದವರಿಗೂ ಬೆಂಚು ಹಾಕಿದ್ದಾರೆ. ಕೂರಬಹುದು. ಆದರೆ ಅರ್ಜಿ ಬೆಂಗಳೂರಿಗೆ ಹೋಗಿದೆ ಎನ್ನುತ್ತಾರೆ. ನಮ್ಮ ದೋಣಿಗೆ ಹುಟ್ಟು ಹಾಕುವವರು ಅಲ್ಲಿ. ಅವರ ಮುಖ ನೋಡಿದವರು ಯಾರು?

ಮರುದಿನ ಬೆಳಿಗ್ಗೆ ಹೊರಟೆವು. ನೀರು ಟೀ ಬಣ್ಣಕ್ಕೆ ತಿರುಗಿತ್ತು, ಇನ್ನೂ ಪೂರ್ತಿ ಕೆಂಪಾಗಿರಲಿಲ್ಲ. ಅಬ್ಬು ದಂಡೆಯಿಂದ ತಳ್ಳಿದ. ಗಂಟು ಅವ್ವನ ಮಡಿಲಲ್ಲಿ, ಅವ್ವನ ಕಣ್ಣು ನನ್ನ ಮೇಲೆ.

ಒಬ್ಬನೇ ದಾಟುವಾಗ ಈ ಹೊಳೆ ನನಗೆ ಲೆಕ್ಕಕ್ಕೇ ಇರಲಿಲ್ಲ. ಅವತ್ತು ನಡುಹೊಳೆಯ ಸೆಳೆತ ದೋಣಿಯ ಮೂತಿಯನ್ನು ಪಕ್ಕಕ್ಕೆ ತಿರುಗಿಸಿತು, ನಾನು ಅದನ್ನು ಹೊಳೆಯ ಮೇಲ್ಗಡೆಗೆ ತಿರುಗಿಸಿದೆ. ಅಲ್ಲಿಂದಲೇ ಒಂದು ಮರದ ಕೊಂಬೆ ತೇಲಿ ಬರುತ್ತಿತ್ತು. ಅವ್ವನಿಗೆ ಅದು ಕಾಣದು, ಅವಳ ಬೆನ್ನ ಹಿಂದೆ. ನನಗೆ ಕಾಣುತ್ತಿತ್ತು. ಹಲ್ಲು ಕಚ್ಚಿ ಎಡಕ್ಕೆ ಹುಟ್ಟು ಹಾಕಿದೆ. ತುಟಿಯಲ್ಲಿ ಒಂದು ನಗು ಇಟ್ಟುಕೊಂಡಿದ್ದೆ, ಅದು ಬೀಳದ ಹಾಗೆ ನೋಡಿಕೊಳ್ಳುವುದೇ ಇನ್ನೊಂದು ಕೆಲಸವಾಯಿತು.

"ಎಂತ?" ಎಂದಳು ಅವ್ವ.

"ಎಂತ ಇಲ್ಲೆ."

ಕೊಂಬೆ ಪಕ್ಕದಲ್ಲೇ ಸವರಿಕೊಂಡು ಹೋಯಿತು. ಅವ್ವ ಅದನ್ನು ನೋಡಲೇ ಇಲ್ಲ. ನನ್ನನ್ನೇ ನೋಡುತ್ತಿದ್ದಳು. ದಂಡೆ ಮುಟ್ಟುವ ತನಕ ಕಣ್ಣು ತೆಗೆಯಲಿಲ್ಲ.

ಭಾವ ಕೈಹಿಡಿದು ಇಳಿಸಿಕೊಂಡರು. ಅವ್ವ ಸೊಂಟ ಹಿಡಿದು ನೆಟ್ಟಗೆ ನಿಂತು ಸೀಟನ್ನು ಒಮ್ಮೆ ನೋಡಿದಳು. "ಒಳ್ಳೇದುಟ್ಟು" ಎಂದಳು. ಆಮೇಲೆ ನನ್ನ ಹತ್ತಿರ ಬಂದು ಸೆರಗಿನಿಂದ ನನ್ನ ಹಣೆಯ ಬೆವರು ಒರೆಸಿ ಮೆಲ್ಲಗೆ ಹೇಳಿದಳು:

"ಆ ಮುಖ ಸರಿ ಮಾಡ್ಕಂಡು ಒಳಗೆ ಬಾ. ಅಕ್ಕ ನೋಡಿರೆ ಹೆದರ್ತಾಳೆ."

ಅವ್ವನನ್ನು ಅಲ್ಲಿ ಬಿಟ್ಟು ನಾನು ಅವತ್ತೇ ಈಚೆಗೆ ಬಂದೆ. ಮೊನ್ನೆ ಭಾವ ಆಚೆಯಿಂದ ಕೂ ಹಾಕಿದರು. ಹೆಣ್ಣು ಮಗು, ಇಬ್ಬರೂ ಚೆನ್ನಾಗಿದ್ದಾರೆ, ಅಕ್ಕ ಈ ಸಲವೂ ಅವ್ವನ ಕೈ ಬಿಡಲಿಲ್ಲವಂತೆ. ಹೊಳೆ ಈಗ ದಂಡೆ ತುಂಬ ಕೆಂಪು. ನೀರು ಇಳಿದ ಮೇಲೆ ನಾನೇ ಹೋಗಿ ಅವ್ವನನ್ನು ಕರೆದುಕೊಂಡು ಬರಬೇಕು, ಅದೇ ಸೀಟಿನಲ್ಲಿ, ಎದುರುಬದುರು.

ಸೀಟೇನೋ ಸರಿಯಾಯಿತು, ಅಷ್ಟರೊಳಗೆ ಈ ಮುಖವನ್ನು ಎಲ್ಲಿ ರಿಪೇರಿ ಮಾಡಿಸಲಿ?